ಟೇಪು ಹಿಡಿದು ಮನೆ ಅಳೆದ ಶೇವಂತಕ್ಕ

ಮನೆ ನೋಡಲು ಹೊರಟಾಗ ಶೇವಂತಕ್ಕನ ಕೊರಳಲ್ಲಿ ಟೇಪು ಇರಲೇಬೇಕು. ಬ್ಲೌಸಿನ ಅಳತೆ ತೆಗೆಯುವ ಅದೇ ಹಳದಿ ಟೇಪು. ಮೊದಲ ನಾಲ್ಕು ಇಂಚಿನ ಅಂಕಿಗಳು ಸವೆದು ಕಾಣದಂತಾಗಿದ್ದವು. ಬಾಡಿಗೆಗೆ ಇದೆ ಎಂದ ಕೋಣೆಯೊಳಗೆ ಕಾಲಿಟ್ಟವಳೇ ಮಾಲಕರ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಗೋಡೆಯಿಂದ ಗೋಡೆಗೆ ಅಳೆಯುತ್ತ ನಡೆಯುತ್ತಿದ್ದಳು. ಅರವತ್ತು ಇಂಚಿಗೆ ಟೇಪು ಮುಗಿಯುತ್ತಿತ್ತು. ಅಲ್ಲಿ ಹೆಬ್ಬೆರಳು ಒತ್ತಿ ಹಿಡಿದು ಮತ್ತೆ ಶುರು. ಆಮೇಲೆ ತೀರ್ಪು. "ಕಂಕುಳಲ್ಲಿ ಬಿಗಿ ಅದೆ" ಎಂದರೆ ಅಡುಗೆಮನೆ ಸಣ್ಣದು. "ಕುತ್ತಿಗೆ ಇಳ್ದದೆ" ಎಂದರೆ ಮಾಡು ತಗ್ಗು. ಒಬ್ಬರು ನೆಂಟರು ಬಂದರೆ ಚಾಪೆ ಹಾಸಲೂ ಜಾಗವಿಲ್ಲದ ಮನೆಗೆ ಅವಳ ಮಾತು ಬೇರೆಯೇ ಇತ್ತು: "ಹೊಲಿಗೆ ಒಳಗೆ ಒಂದಿಂಚು ಬಟ್ಟೆ ಬಿಟ್ಟಿಲ್ಲ. ಇದ್ನ ಮುಂದೆ ಬಿಡ್ಸೂಕೆ ಬರೂದಿಲ್ಲ."

ಕಾರವಾರದ ನಂದನಗದ್ದಾದಲ್ಲಿ ನಾವು ಬಾಡಿಗೆಗಿದ್ದ ಸಾಲುಮನೆಯಲ್ಲಿ ಅವಳು ನಮ್ಮ ಪಕ್ಕದ ಬಿಡಾರದವಳು. ಮುಂದೆ ಮಾಲಕರ ಎರಡಂತಸ್ತಿನ ಮನೆ, ಹಿಂದೆ ಒಂದೇ ಮಾಡಿನ ಕೆಳಗೆ ನಾಲ್ಕು ಬಿಡಾರ, ನಾಲ್ಕಕ್ಕೂ ಸೇರಿ ಒಂದು ಬಾವಿ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನನ್ನ ಗಂಡನಿಗೆ ಅಂಕೋಲೆಯ ಒಂದು ಸಹಕಾರಿ ಸಂಘದಲ್ಲಿ ಕೆಲಸ. ನಾವು ಸಾಮಾನು ಇಳಿಸುತ್ತಿದ್ದ ದಿನವೇ ಶೇವಂತಕ್ಕ ಬಂದು, ಹೆಸರು ಊರು ಏನನ್ನೂ ಕೇಳದೆ, ನಮ್ಮ ಅಡುಗೆಮನೆಯನ್ನು ಅಳೆದುಬಿಟ್ಟಳು.

"ನಿಮ್ದು ನಂದಕ್ಕಿಂತ ಆರಿಂಚು ಕಮ್ಮಿ ಅದೆ ಅಕ್ಕೋರೆ. ಬಾಡಿಗೆ ಮಾತ್ರ ನಿಮ್ದು ಜಾಸ್ತಿ. ನೌಕರಿಯವ್ರಿಗೆ ಅಳತೆ ಬೇರೆ."

ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಅನ್ನುತ್ತಾರೆ. ನನಗಿಂತ ಹದಿನೈದು ವರ್ಷ ದೊಡ್ಡವಳಾದರೂ ಕೊನೆಯವರೆಗೂ ಅವಳು ನನ್ನನ್ನು ಹಾಗೆಯೇ ಕರೆದಳು. ನನ್ನ ತವರು ಹಟ್ಟಿಕೇರಿ ಎಂದು ತಿಳಿದ ಮೇಲಂತೂ ಸಲಿಗೆ ಹೆಚ್ಚಾಯಿತು. ಅವಳ ಊರು ಅಲ್ಲಿಂದ ದೂರವಲ್ಲದ ಹಾರವಾಡ. ಅಪ್ಪ ಅಮ್ಮ ಕಂಡವರ ಗದ್ದೆಯಲ್ಲಿ ದುಡಿದವರು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅಣ್ಣನ ಮನೆ ತುಂಬಿತ್ತು. ಹೊಲಿಗೆ ಮಷಿನ್ ಹೊತ್ತು ಕಾರವಾರಕ್ಕೆ ಬಂದವಳಿಗೆ ನಂದನಗದ್ದಾದ್ದು ಒಂಬತ್ತನೇ ಮನೆ.

ಮಾತಾಡುವಾಗ ಅವಳ ತುಟಿಗಳ ನಡುವೆ ಎರಡು ಮೂರು ಗುಂಡುಪಿನ್ನುಗಳು ಇರುತ್ತಿದ್ದವು. ಹಾಗಾಗಿ ಮಾತೆಲ್ಲ ಗಿಡ್ಡ ಗಿಡ್ಡ. ಎಂಟು ಮನೆ ಬಿಟ್ಟ ಕತೆಯನ್ನು ಅವಳು ಒಂದು ಬ್ಲೌಸಿಗೆ ಹುಕ್ಕು ಹಚ್ಚಿ ಮುಗಿಸುವುದರೊಳಗೆ ಹೇಳಿದ್ದಳು. ಒಂದು ಕಡೆ ಮಾಲಕರ ಮಗನ ಮದುವೆ. ಒಂದು ಕಡೆ ಮಷಿನ್ ಸದ್ದಿಗೆ ಮಾಲಕಿಗೆ ತಲೆನೋವು. ಒಂದು ಕಡೆ ಕೈಗಾ ಅಣುಸ್ಥಾವರದ ನೌಕರರ ಬಸ್ಸು ಅದೇ ರಸ್ತೆಯಲ್ಲಿ ನಿಲ್ಲತೊಡಗಿತು. ಕಂಪನಿ ನೌಕರರು ಮನೆ ಕೇಳುತ್ತ ಬಂದರು, ಬಾಡಿಗೆ ಒಂದೇ ನೆಗೆತಕ್ಕೆ ಮೇಲೆ ಹೋಯಿತು. ಇನ್ನೆರಡು ಕಡೆ ಕಾರಣವನ್ನೇ ಹೇಳಲಿಲ್ಲ. ಹೊಸ ಮನೆ ಹುಡುಕಲು ಹೋದಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: "ಒಬ್ಳೇನಾ?"

"ಹೌದು ಅಂದ್ರೆ ಸಂಶಯ. ಇಲ್ಲ ಅಂದ್ರೆ ಯಾರ್ ಬತ್ರು ಅಂತ ಸಂಶಯ. ನಾ ಎಂತ ಹೇಳೂದು?" ಎಂದು ನಗುತ್ತಿದ್ದಳು. ಆ ನಗುವಿನಲ್ಲಿ ದಣಿವೇ ಹೆಚ್ಚು.

ಅವಳಿಗೆ ಬೇಕಾಗಿದ್ದುದು ಒಂದೇ. ಇನ್ನು ಬಿಡು ಎಂದು ಯಾರೂ ಹೇಳಲಾಗದ ಒಂದು ಕೋಣೆ. ಅದು ಒಮ್ಮೆ ಅವಳ ಕೈಗೆ ಬಂದಿತ್ತು. ಬಡವರಿಗೆಂದು ಕಟ್ಟಿದ ಮೂರಂತಸ್ತಿನ ಸರಕಾರಿ ಮನೆಗಳಲ್ಲಿ ಚೀಟಿ ಎತ್ತಿದಾಗ ಅವಳಿಗೆ ನಡುವಿನ ಅಂತಸ್ತು ಬಂತು. ಟೇಪು ಹಿಡಿದು ನೋಡಲು ಹೋದಳು. ಅಳತೆ ಸರಿಯಾಗಿತ್ತು, ಗಾಳಿ ಬೆಳಕು ಇತ್ತು. ಆದರೆ ದೇವರನ್ನಿಡಲು ಇದ್ದ ಒಂದೇ ಮೂಲೆಯ ನೇರ ಮೇಲೆ ಮೇಲಿನ ಮನೆಯವರ ಪಾಯಖಾನೆ. ಪೈಪು ಅದೇ ಗೋಡೆಗುಂಟ ಇಳಿದಿತ್ತು. ಅಂಗಳವಿಲ್ಲ, ತುಳಸಿಗೆ ಮಣ್ಣಿಲ್ಲ. ಹಾರವಾಡದಲ್ಲಿ ಅಣ್ಣ, ಅತ್ತಿಗೆ, ಊರಿನ ಹಿರಿಯರು ಎಲ್ಲರೂ ಒಂದೇ ಮಾತು: ದೇವರ ನೆತ್ತಿಯ ಮೇಲೆ ಅಂಥದ್ದು ಇರಬಾರದು. ಶೇವಂತಕ್ಕ ಕಚೇರಿಗೆ ಹೋಗಿ ಬೇಡವೆಂದು ಬರೆದು ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕಿ ಬಂದಳು. ಮುಂದಿನ ಸಲ ಕೆಳಗಿನ ಮನೆ ಬರುತ್ತದೆಂದು ಅವಳ ಎಣಿಕೆ. ಆ ಮುಂದಿನ ಸಲ ಬರಲೇ ಇಲ್ಲ.

ಶೇವಂತಕ್ಕನ ಬಾಡಿಗೆಮನೆ ಆಟ ಹುಟ್ಟಿದ್ದು ಕರೆಂಟು ಹೋದ ಒಂದು ಮಧ್ಯಾಹ್ನ. ಅವಳ ಮಷಿನಿಗೆ ಮೋಟಾರು ಕೂಡಿಸಿದ್ದರಿಂದ ಕರೆಂಟಿಲ್ಲದೆ ಕೆಲಸವಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಚೌಕ ಬರೆದು ನಾವಿಬ್ಬರೂ ಚೌಕಾಬಾರ ಆಡುತ್ತ ಕೂತಿದ್ದೆವು. ಕವಡೆ ಹಾಕಿ ಹೊರಗಿನ ಸುತ್ತು ಮುಗಿಸಿ, ಒಳಗಿನ ಸುತ್ತು ಹೊಕ್ಕು, ನಡುವಿನ ಚೌಕ ಸೇರಿದರೆ ಕಾಯಿ ಹಣ್ಣಾಗುವ ನಮ್ಮ ಹಳೆಯ ಆಟವೇ. ನಾನು ಗೆದ್ದೆ. ಶೇವಂತಕ್ಕ ಕವಡೆ ಕೆಳಗಿಟ್ಟಳು.

"ಈ ಆಟ ಸುಳ್ಳು ಅಕ್ಕೋರೆ. ಇಲ್ಲಿ ಇವತ್ತಲ್ಲ ನಾಳೆ ಎಲ್ರೂ ನಡುಮನೆ ಸೇರ್ತ್ರು. ನಿಜಕ್ಕೂ ಯಾರ್ ಸೇರ್ತ್ರು ಹೇಳಿ ನೋಡ್ವಾ?"

ಮರುವಾರ ಅವಳು ಬಟ್ಟೆಯ ಒಂದು ಹಾಸು ತಂದು ಹರಡಿದಳು. ಇಪ್ಪತ್ತೈದು ಚೌಕ, ಒಂದೊಂದೂ ಒಂದೊಂದು ಬಗೆಯ ತುಂಡು. ಶೇವಂತಕ್ಕ ಹೊಲಿದು ಉಳಿದ ಬಟ್ಟೆಯನ್ನು ಎರಡು ಬೆರಳಿನಷ್ಟಿದ್ದರೂ ಗಿರಾಕಿಗೆ ವಾಪಸು ಕೊಡುವವಳೆಂದು ಪೇಟೆಯಲ್ಲಿ ಹೆಸರಾಗಿದ್ದಳು. ಹಾಗಾದರೆ ಈ ತುಂಡುಗಳು ಎಲ್ಲಿಂದ ಬಂದವು ಎಂದು ಕೇಳಿದೆ. "ಮಾಲಕಿಯರದ್ದು ಮಾತ್ರ ಇಟ್ಕಂಡೆ" ಎಂದಳು, ಸ್ವಲ್ಪವೂ ನಾಚದೆ. ಹಸಿರು ಜರಿಯ ಚೌಕ ಮೂರನೇ ಮನೆಯ ಮಾಲಕಿಯದು. ಹೂವಿನದು ತಲೆನೋವಿನವಳದು. ನಮ್ಮ ಈಗಿನ ಮಾಲಕಿಯ ನೇರಳೆ ರೇಷ್ಮೆಯೂ ಮೂಲೆಯಲ್ಲಿ ಹೊಳೆಯುತ್ತಿತ್ತು.

ದೊಡ್ಡ ಕೋಟಿನ ಗುಂಡಿಗಳೇ ಕಾಯಿಗಳು, ಬ್ಲೌಸಿನ ಹುಕ್ಕುಗಳೇ ದುಡ್ಡು. ಪ್ರತಿ ಚೌಕದಲ್ಲಿ ಮಾಲಕನಿಗೆ ಹುಕ್ಕು ಕೊಟ್ಟೇ ಮುಂದೆ ಹೋಗಬೇಕು. ಒಳಸುತ್ತು ಹೊಗಬೇಕಾದರೆ ಹನ್ನೆರಡು ಹುಕ್ಕು ಉಳಿದಿರಬೇಕು. ಕೈಗಾ ಬಸ್ಸು ನಿಲ್ಲುವ ಚೌಕದಲ್ಲಿ ಬಾಡಿಗೆ ಎರಡು ಪಟ್ಟು. ಮಾಲಕನ ಮಗನ ಮದುವೆಯ ಚೌಕಕ್ಕೆ ಬಂದರೆ ಮೊದಲಿನಿಂದ ಶುರು. ಚೌತಿಯ ಚೌಕ ಒಂದೇ ನಿಶ್ಚಿಂತೆಯದು: ಮನೆಯಲ್ಲಿ ಗಣಪತಿ ಕೂತಿರುವಾಗ ಒಕ್ಕಲನ್ನು ಎಬ್ಬಿಸುವ ಧೈರ್ಯ ಎಂಥ ಮಾಲಕನಿಗೂ ನಮ್ಮಲ್ಲಿಲ್ಲ. ಆದ್ದರಿಂದ ಅಲ್ಲಿದ್ದಷ್ಟು ಹೊತ್ತು ಯಾರೂ ಹೊರಗೆ ಹಾಕುವಂತಿಲ್ಲ. ನಿಯಮಗಳನ್ನು ಅವಳು ಹೇಳಿದಂತೆ ನಾನು ಹಳೆಯ ಹಾಜರಿ ಪುಸ್ತಕದ ಹಿಂದೆ ಬರೆಯುತ್ತಿದ್ದೆ. ಆಡಿ ನೋಡುವುದು, ತಪ್ಪು ಕಂಡರೆ ಹೊಲಿಗೆ ಬಿಚ್ಚಿ ಚೌಕ ಬದಲಿಸುವುದು. ಬ್ಲೌಸು ಕೇಳಲು ಬಂದ ಹೆಂಗಸರನ್ನು "ಒಂದು ಹುಕ್ಕು ಬಾಕಿ, ಕೂತ್ಕಣಿ" ಎಂದು ಕೂರಿಸಿಕೊಂಡು ಆಡಿಸುತ್ತಿದ್ದಳು. ಬ್ಲೌಸು ಎಷ್ಟೋ ಸಲ ಹಿಂದಿನ ದಿನವೇ ತಯಾರಾಗಿರುತ್ತಿತ್ತು.

ಮೊದಮೊದಲು ಮಾಲಕನ ಕೆಲಸವನ್ನು ಕವಡೆಯೇ ಮಾಡುತ್ತಿತ್ತು, ಬಿದ್ದಷ್ಟು ಬಾಡಿಗೆ. ಆಟ ಸಪ್ಪೆಯಾಯಿತು. ಯಾರ ಮೇಲೆ ಸಿಟ್ಟು ಮಾಡುವುದೆಂದೇ ತಿಳಿಯುತ್ತಿರಲಿಲ್ಲ. ಆಮೇಲೆ ಆಡುವವರಲ್ಲೇ ಒಬ್ಬರು ಸರದಿಯ ಮೇಲೆ ಮಾಲಕರಾಗಬೇಕೆಂದು ಮಾಡಿದಳು. ನನ್ನ ಸರದಿ ಬಂದಾಗ ನಾನು ಬಹಳ ಧಾರಾಳದಿಂದ, ಬಾಡಿಗೆ ಏರಿಸುವುದಿಲ್ಲ ಎಂದು ಸಾರಿದೆ. ಸಮಾಜ ವಿಜ್ಞಾನದ ಅಕ್ಕೋರಲ್ಲವೇ. ಎರಡನೇ ಸುತ್ತಿಗೆ ನನ್ನ ಮುಂದಿನ ಹುಕ್ಕಿನ ರಾಶಿ ಹಿಂದೆ ಮಾಲಕಿಯಾಗಿದ್ದವಳದ್ದಕ್ಕಿಂತ ಸಣ್ಣದಿದೆ ಅನಿಸಿತು. ಒಂದು ಹುಕ್ಕು ಏರಿಸಿದೆ. ಮೂರನೇ ಸುತ್ತಿಗೆ ಎರಡು.

"ಎಂತಕೆ ಅಕ್ಕೋರೆ?" ಎಂದಳು ಶೇವಂತಕ್ಕ.

"ರಿಪೇರಿ ಖರ್ಚು ಬರ್ತದಲ್ಲ" ಎಂದೆ.

ಅವಳು ತುಟಿಯಿಂದ ಪಿನ್ನುಗಳನ್ನು ತೆಗೆದಳು. "ಈ ಆಟದಲ್ಲಿ ರಿಪೇರಿ ಇಲ್ಲ. ನಾ ಹಾಕೇ ಇಲ್ಲ."

ಕೂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಕಿವಿ ಮಾತ್ರ ಬಿಸಿಯಾಗಿತ್ತು.

ಕೊನೆಗೆ ಸೇರಿಸಿದ್ದು ಬಿಳಿ ಬಟ್ಟೆಯ ಒಂದು ಚೌಕ. ಅಲ್ಲಿಗೆ ಬಂದವರಿಗೆ ಸರಕಾರಿ ಮನೆಯ ಚೀಟಿ ಬರುತ್ತದೆ: ನಡುವಿನ ಅಂತಸ್ತು, ದೇವರ ಮೂಲೆಯ ಮೇಲೆ ಮೇಲಿನವರ ಪಾಯಖಾನೆ. ಬೇಕೋ ಬೇಡವೋ? ಬೇಕೆಂದರೆ ನೇರ ನಡುಮನೆಗೆ, ಆಟ ಗೆದ್ದಂತೆ. ಬೇಡವೆಂದರೆ ಆಟ ಮುಂದುವರಿಯುತ್ತದೆ. ತನ್ನಂತೆ ನಾಲ್ಕು ಜನರಾದರೂ ಬೇಡವೆನ್ನುತ್ತಾರೆಂದು ಅವಳು ನಂಬಿದ್ದಳು. ಪೂಜೆ ಪುನಸ್ಕಾರ ಬಿಡದ ಒಬ್ಬ ಅಜ್ಜಿ ಬ್ಲೌಸಿನ ಅಳತೆ ಕೊಡಲು ಬಂದವಳು ಮೊದಲ ದಿನವೇ ಆ ಚೌಕಕ್ಕೆ ಬಂದಳು. "ಬೇಕು" ಎಂದು ತಟ್ಟನೆ ಹೇಳಿ ಗುಂಡಿಯನ್ನು ನಡುವೆ ಇಟ್ಟಳು.

"ದೇವ್ರು?" ಎಂದಳು ಶೇವಂತಕ್ಕ.

"ದೇವ್ರನ್ನ ಈಚೆ ಗೋಡೆಗೆ ಒಂದು ಹಲಗೆ ಹೊಡ್ದು ಇಡೂದಪ್ಪ. ಅವ ಎಂತ ಹೇಳ್ತ?"

ಆ ತಿಂಗಳೆಲ್ಲ ಯಾರೊಬ್ಬರೂ ಬೇಡವೆನ್ನಲಿಲ್ಲ. ಒಬ್ಬಳೂ ಒಂದು ಗಳಿಗೆ ಯೋಚಿಸಲಿಲ್ಲ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಹಾಸು ಮಡಚುತ್ತ ಅವಳು ನನಗೆ ಹೇಳಿದಳು: "ದೇವ್ರಿಗೆ ತೊಂದ್ರೆ ಅಂತ ಎಲ್ರೂ ಹೇಳಿದ್ರು, ನಾನೂ ಹೇಳ್ದೆ. ದೇವ್ರು ಒಬ್ಬ ಹೇಳಿರ್ಲಿಲ್ಲ." ಅಷ್ಟು ಹೇಳಿ ಅತ್ತಳು. ಅವಳು ಅತ್ತಿದ್ದನ್ನು ನಾನು ಕಂಡಿದ್ದು ಆವತ್ತೊಂದೇ ದಿನ. ಬಾವಿಯಿಂದ ನೀರು ಸೇದಿ ತಂದುಕೊಟ್ಟೆ.

ಮರುದಿನ ಇಬ್ಬರೂ ಕಚೇರಿಗೆ ಹೋದೆವು. ಅಲ್ಲಿಯ ಗುಮಾಸ್ತರು ಒಳ್ಳೆಯವರೇ, ಕುರ್ಚಿ ಕೊಟ್ಟರು. ಹಳೆಯ ಕಡತ ತೆಗೆದು ಅವಳ ಸಹಿ ತೋರಿಸಿದರು. ಒಮ್ಮೆ ಬೇಡವೆಂದವರ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ. "ಸಹಿ ಚೆಂದ ಮಾಡಿದ್ದೆ" ಎಂದಳು ಶೇವಂತಕ್ಕ ಹೊರಗೆ ಬಂದು.

ಆ ವರ್ಷ ಚೌತಿ ಮುಗಿದು ಗಣಪತಿ ನೀರಿಗೆ ಬಿಟ್ಟ ಮೂರನೇ ದಿನಕ್ಕೆ ಮಾಲಕರು ನಾಲ್ಕು ಬಿಡಾರದವರನ್ನೂ ಕರೆದು ಹೇಳಿದರು. ಸಾಲು ಕೆಡವಿ, ಗುತ್ತಿಗೆ ಕೆಲಸಕ್ಕೆ ಬರುವವರಿಗೆ ಕೋಣೆಗಳನ್ನು ಕಟ್ಟಿಸುತ್ತಾರೆ. ಮೂರು ತಿಂಗಳು ವಾಯಿದೆ. ನಮಗೆ ಅದು ಅಂಥ ಪೆಟ್ಟಾಗಲಿಲ್ಲ, ಏಕೆಂದರೆ ಅಂಕೋಲೆಯಲ್ಲಿ ನಮ್ಮ ಸ್ವಂತ ಮನೆ ಮುಗಿಯುತ್ತ ಬಂದಿತ್ತು. ಶೇವಂತಕ್ಕ ಟೇಪು ಹಿಡಿದು ಹೊರಟಳು. ಸುಂಕೇರಿ, ಹಬ್ಬುವಾಡ, ಕೋಡಿಬಾಗ. ರಜೆಯ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ಹೋದಲ್ಲೆಲ್ಲ ಒಂದೋ ಬಾಡಿಗೆ ಅವಳ ದುಡಿಮೆಯನ್ನು ಮೀರಿದ್ದು, ಇಲ್ಲವೋ ಮಷಿನ್ ಆಗದು, ಇಲ್ಲವೋ ಒಬ್ಬಳೇ ಹೆಂಗಸು ಆಗದು. ಒಂದು ಕಡೆ ತಗಡಿನ ಮಾಡಿನ ಶೆಡ್ಡು ತೋರಿಸಿದರು. ಅದನ್ನು ಅವಳು ಅಳೆಯಲೇ ಇಲ್ಲ. ಟೇಪನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿದಳು.

ನಮ್ಮ ಗೃಹಪ್ರವೇಶಕ್ಕೆ ಅವಳು ಬೆಳಗಿನ ಮೊದಲ ಬಸ್ಸಿಗೇ ಬಂದಳು. ಹೆಂಗಸರಿಗೆ ಸೀರೆಯ ನೆರಿಗೆ ಸರಿಮಾಡಿದಳು, ಹಾಲು ಉಕ್ಕಿಸುವಾಗ ನನ್ನ ಪಕ್ಕದಲ್ಲಿ ನಿಂತಳು. ಊಟವಾದ ಮೇಲೆ ಹಿತ್ತಲಿಗೆ ಹೋದಳು. ಅಲ್ಲಿ ಬೇರೆ ಬಾಗಿಲಿದ್ದ ಒಂದು ಕೋಣೆ, ಅದಕ್ಕೊಂದು ಪುಟ್ಟ ಬಚ್ಚಲು ಕಟ್ಟಿಸಿದ್ದೆವು. ಸಾಲದ ಕಂತಿಗೆ ಆಸರೆಯಾಗಲಿ ಎಂದು ನನ್ನ ಗಂಡನ ಯೋಚನೆ. ನಾನು ಹೋಗುವಷ್ಟರಲ್ಲಿ ಅವಳು ಅಳೆದು ಮುಗಿಸಿದ್ದಳು.

"ಇದ್ರಲ್ಲಿ ಹೊಲಿಗೆ ಒಳಗೆ ಬಟ್ಟೆ ಬಿಟ್ಟಿದ್ರಿ ಅಕ್ಕೋರೆ" ಎಂದಳು. ಅವಳ ಬಾಯಿಂದ ಬೇರೆ ಯಾವ ಮನೆಗೂ ಆ ಮಾತು ಬಂದದ್ದು ನಾನು ಕೇಳಿರಲಿಲ್ಲ. ಆಮೇಲೆ ಗೋಡೆ ನೋಡುತ್ತ ಕೇಳಿದಳು: "ನಂಗೆ ಕೊಡ್ತ್ರಾ? ಬಾಡಿಗೆ ಕೊಟ್ಟೇ ಇರ್ತೆ. ಅಂಕೋಲೆಯಲ್ಲೂ ಹೆಂಗಸ್ರು ಬ್ಲೌಸ್ ಹಾಕ್ತ್ರಲ್ಲ."

ಕೊಡುತ್ತೇನೆ ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಅದನ್ನು ಹೇಳಲು ಅರೆ ಕ್ಷಣ ಸಾಕಿತ್ತು. "ಇವರನ್ನು ಒಂದು ಮಾತು ಕೇಳಿ ಹೇಳ್ತೇನೆ ಶೇವಂತಕ್ಕ" ಎಂದೆ.

ಕೇಳಿದೆನೇ? ಕೇಳಿದೆ, ಆದರೆ ಹೇಗೆ ಕೇಳಿದೆ ಎಂಬುದು ನನಗೇ ಗೊತ್ತಿದೆ. "ಶೇವಂತಕ್ಕ ಕೇಳ್ತಿದ್ಲು, ಮಷಿನ್ ಸದ್ದು ಇರ್ತದೆ, ಏನು ಮಾಡುವ?" ಎಂದು ಕೇಳಿದೆ. ಬೇಡವೆನ್ನುವ ದಾರಿಯನ್ನು ನಾನೇ ತೋರಿಸಿಕೊಟ್ಟಿದ್ದೆ. ಅವರು ನಿನ್ನಿಷ್ಟ ಎಂದರು. ಕಾಯಿಲೆ ಬಿದ್ದರೆ ಯಾರು ನೋಡುವುದು, ಒಂದು ತಿಂಗಳು ಬಾಡಿಗೆ ತಡವಾದರೆ ಬಾಯಿಬಿಟ್ಟು ಕೇಳುವುದು ಹೇಗೆ, ಮುಂದೆ ಬೇಕೆಂದಾಗ ಬಿಡು ಎನ್ನುವುದು ಹೇಗೆ ಎಂದು ನಾನು ಒಂದು ವಾರ ಲೆಕ್ಕ ಹಾಕಿದೆ. ಅವಳಿಗೆ ಎಂಟು ಕಡೆ ಎಂಟು ಮಾಲಕರು ಹೇಳಿದ, ಹೇಳದೆ ಬಿಟ್ಟ ಕಾರಣಗಳೆಲ್ಲ ಆ ವಾರ ನನ್ನ ತಲೆಯಲ್ಲಿ ಸಾಲಾಗಿ ಬಂದು ನಿಂತವು. ಅಷ್ಟರಲ್ಲಿ ನೌಕಾನೆಲೆಯ ಕಾಮಗಾರಿಗೆ ಬಂದ ಇಬ್ಬರು ಇಂಜಿನಿಯರರು ಕೇಳುತ್ತ ಬಂದರು. ಅವಳು ಕೊಡಬಹುದಾಗಿದ್ದ ಬಾಡಿಗೆಯ ಎರಡು ಪಟ್ಟು, ಆರು ತಿಂಗಳದ್ದು ಮುಂಗಡ. ನಾನು ಬೀಗದ ಕೈ ಕೊಟ್ಟೆ. ಶೇವಂತಕ್ಕನಿಗೆ ಫೋನು ಮಾಡಿ, ಮನೆಯವರು ಒಪ್ಪಲಿಲ್ಲ ಎಂದೆ.

"ಅಡ್ಡಿಲ್ಲ ಅಕ್ಕೋರೆ" ಎಂದಳು. "ಅಡ್ಡಿಲ್ಲ ಅಡ್ಡಿಲ್ಲ."

ಅವಳು ಹಾರವಾಡದ ಅಣ್ಣನ ಮನೆಗೇ ಹೋದಳೆಂದು ತಿಳಿಯಿತು. ಹಿಂದಿನ ಚಾವಡಿಗೆ ತಟ್ಟಿಯ ಮರೆ ಕಟ್ಟಿಕೊಟ್ಟಿದ್ದರಂತೆ. ಕಡಲ ಉಪ್ಪುಗಾಳಿಗೆ ಮೋಟಾರು ಕೆಟ್ಟು, ಮಷಿನ್ ಮಾರಿದಳಂತೆ. ಒಂದು ವರ್ಷ ಕಳೆದ ಮೇಲೆ ಅಂಕೋಲೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುವ ಕೆಲಸ ಹಿಡಿದಿದ್ದಳು. ಸೊರಗಿದ್ದಳು. ಕೊರಳು ಬರಿದಾಗಿತ್ತು. ನಾನು ಅತ್ತಿತ್ತ ನೋಡಿ, ಹೇಳಲೇಬೇಕಾದ್ದನ್ನು ಹೇಳಿದೆ: "ಮನೆಯವರು ಬೇಡ ಅಂದಿರಲಿಲ್ಲ ಶೇವಂತಕ್ಕ. ನಾನೇ ಕೊಡಲಿಲ್ಲ."

"ಗೊತ್ತಿತ್ತು" ಎಂದಳು. ನನ್ನ ಕೈ ಹಿಡಿದುಕೊಂಡು ಬಸ್ಸು ಬರುವ ದಿಕ್ಕಿಗೇ ನೋಡುತ್ತಿದ್ದಳು. "ಬಿಡಿ ಅಕ್ಕೋರೆ. ಕೊಟ್ಟಿದ್ರೆ ನಾ ತಿಂಗ್ಳಾ ತಿಂಗ್ಳಾ ನಿಮ್ಮ ಮುಖ ನೋಡಿ ಹೆದ್ರೂಕಾಗ್ತಿತ್ತು. ಈಗ ಹೆದ್ರಿಕಿಲ್ಲ. ಒಂದಿನ ಬಂದು ಚಾ ಕುಡ್ದು ಹೋತೆ."

"ಬನ್ನಿ, ಖಂಡಿತ ಬನ್ನಿ" ಎಂದೆ. ಹಾರವಾಡದ ಬಸ್ಸು ಬಂತು. ಅವಳು ಜನರ ನಡುವೆ ಹತ್ತಿ ನಿಂತಳು.

ಮರುವರ್ಷದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಅಂಗಡಿಯವರು ಹೇಳಿ ನನಗೆ ತಿಳಿಯುವಾಗ ಹದಿನೈದು ದಿನ ಕಳೆದಿತ್ತು. ಅಷ್ಟೂ ತಿಂಗಳಲ್ಲಿ ಅವಳು ಚಾ ಕುಡಿಯಲು ಬಂದಿರಲಿಲ್ಲ. ನಾನೂ ಹೋಗಿರಲಿಲ್ಲ. ನಮ್ಮ ಮನೆಯಿಂದ ಹಾರವಾಡ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.